ಹಡಗು ಕಾಯುವುದಿಲ್ಲ: ಬೆಂಗಳೂರಿನಿಂದ ಕ್ರೂಸ್‌ಗೆ ಹೊರಟವರಿಗೆ ಯಾವ ಇನ್ಶೂರೆನ್ಸ್ ಸರಿ?

ಬೆಂಗಳೂರಿನಿಂದ ಯಾವ ಹಡಗೂ ಹೊರಡುವುದಿಲ್ಲ. ಇದೇನು ಹೊಸ ವಿಷಯವಲ್ಲ. ಆದರೆ ಕ್ರೂಸ್‌ಗೆ ಇನ್ಶೂರೆನ್ಸ್ ಆರಿಸಲು ಕೂತಾಗ ನಾವು ಮರೆಯುವುದು ಇದನ್ನೇ. ಚೆನ್ನೈ ಬಂದರು ಇಲ್ಲಿಂದ ಸುಮಾರು 350 ಕಿಲೋಮೀಟರ್. ಮಂಗಳೂರೂ ಹೆಚ್ಚು ಕಡಿಮೆ ಅಷ್ಟೇ ದೂರ. ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ ನಿಜ. ಆದರೆ ಬಂದವರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ ನೋಡಿ ಸಂಜೆಗೆ ಹೊರಟುಬಿಡುತ್ತಾರೆ. ಅದು ಅವರ ಪ್ರವಾಸ, ನಮ್ಮದಲ್ಲ. ನಾವು ಹಡಗು ಹತ್ತಬೇಕಾದರೆ ಮೊದಲು ಚೆನ್ನೈಗೋ ಮುಂಬೈಗೋ ಸಿಂಗಪುರಕ್ಕೋ ತಲುಪಬೇಕು. ಅಂದರೆ ವಿಮಾನ ಅಥವಾ ರೈಲು. ಅದಕ್ಕೂ ಮೊದಲು ಹೆಬ್ಬಾಳದ ಟ್ರಾಫಿಕ್.

ನಾವು ನಾಲ್ಕು ಜನ, ನಾನು, ನನ್ನ ಹೆಂಡತಿ, ಅಪ್ಪ, ಅಮ್ಮ, ಸಿಂಗಪುರದಿಂದ ಹೊರಡುವ ಕ್ರೂಸ್ ಬುಕ್ ಮಾಡಿದ್ದೆವು. ಹಡಗು ಹೊರಡುವುದು ಸಂಜೆ 5ಕ್ಕೆ. ಅದೇ ದಿನ ಮಧ್ಯಾಹ್ನಕ್ಕೆ ಸಿಂಗಪುರ ತಲುಪುವ ವಿಮಾನ ಹಿಡಿದರೆ ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯುತ್ತದೆ ಎಂದು ಲೆಕ್ಕ ಹಾಕಿದವನು ನಾನೇ. ವಿಮಾನ ಎರಡೂವರೆ ಗಂಟೆ ತಡವಾಗಿ ಹೊರಟಿತು. ಟ್ಯಾಕ್ಸಿಯಲ್ಲಿ ಬಂದರಿನ ಕಡೆ ಓಡುವಾಗ ಫೋನಿನಲ್ಲಿ ಪಾಲಿಸಿಯ ಪಿಡಿಎಫ್ ತೆಗೆದು ಓದಿದೆ. ಜೀವನದಲ್ಲಿ ಮೊದಲ ಸಲ. ಅದರಲ್ಲಿ 'ಮಿಸ್ಡ್ ಕನೆಕ್ಷನ್' ಎಂಬ ಕವರ್ ಇತ್ತು. ಸದ್ಯ ಎಂದುಕೊಂಡೆ. ಕೆಳಗೆ ವಿವರಣೆ ಓದಿದರೆ, ಕನೆಕ್ಷನ್ ಎಂದರೆ ಇನ್ನೊಂದು ವಿಮಾನ ಮಾತ್ರ. ಹಡಗಿನ ಮಾತೇ ಇಲ್ಲ. ಚೆಕ್-ಇನ್ ಮುಚ್ಚಲು ಹತ್ತು ನಿಮಿಷ ಇರುವಾಗ ಒಳಗೆ ನುಗ್ಗಿದೆವು. ಅಪ್ಪನಿಗೆ ಇವತ್ತಿಗೂ ಆ ಓಟ ಒಂದು ತಮಾಷೆ. ನನಗಲ್ಲ.

ಆಮೇಲಿಂದ ನೆಂಟರು, ಆಫೀಸಿನವರು ಯಾರು ಕ್ರೂಸ್ ಎಂದರೂ ನನ್ನನ್ನು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮುಂದೆ ಇರುವ ಆಯ್ಕೆಗಳು

ಸಾಮಾನ್ಯವಾಗಿ ಐದು ಥರದ ರಕ್ಷಣೆ ನಮ್ಮ ಮುಂದೆ ಬರುತ್ತದೆ. ಕ್ರೂಸ್ ಕಂಪನಿಯೇ ಟಿಕೆಟ್ ಜೊತೆ ಮಾರುವ ಪ್ರೊಟೆಕ್ಷನ್ ಪ್ಲಾನ್. ನಮ್ಮ ದೇಶದ ಇನ್ಶೂರೆನ್ಸ್ ಕಂಪನಿಗಳ ಮಾಮೂಲಿ ಟ್ರಾವೆಲ್ ಪಾಲಿಸಿ. ಅದೇ ಪಾಲಿಸಿಗೆ ಸ್ವಲ್ಪ ಹಣ ಸೇರಿಸಿದರೆ ಸಿಗುವ ಕ್ರೂಸ್ ಆ್ಯಡ್-ಆನ್. ಕ್ರೆಡಿಟ್ ಕಾರ್ಡ್ ಜೊತೆಗೋ ಏಜೆಂಟರ ಪ್ಯಾಕೇಜ್ ಒಳಗೋ 'ಫ್ರೀ' ಎಂದು ಬರುವುದು. ಕೊನೆಗೆ, ಮನೆಯಲ್ಲಿ ಈಗಾಗಲೇ ಇರುವ ಮೆಡಿಕ್ಲೇಮ್.

ಫ್ರೀ ಬರುವುದನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಕಾರ್ಡಿನ ಇನ್ಶೂರೆನ್ಸ್ ಬಹುಪಾಲು ಅಪಘಾತದಲ್ಲಿ ಸಾವು, ಬ್ಯಾಗ್ ಕಳೆದುಹೋಗುವುದು ಇಂಥವಕ್ಕೆ ಇರುತ್ತದೆ. ಟಿಕೆಟ್ ಅದೇ ಕಾರ್ಡಿನಲ್ಲಿ ಕೊಂಡಿರಬೇಕು ಎಂಬಂಥ ಷರತ್ತುಗಳೂ ಇರುತ್ತವೆ. ಆಸ್ಪತ್ರೆ ಖರ್ಚಿನ ವಿಷಯಕ್ಕೆ ಬಂದರೆ ಊಟಕ್ಕಿಲ್ಲದ ಉಪ್ಪಿನಕಾಯಿ. ಏಜೆಂಟರು 'ಇನ್ಶೂರೆನ್ಸ್ ಸೇರಿದೆ ಸಾರ್' ಎಂದರೆ ನಿಮ್ಮ ಹೆಸರಿನ ಸರ್ಟಿಫಿಕೇಟ್ ಮತ್ತು ಪೂರ್ತಿ ಪಾಲಿಸಿ ವರ್ಡಿಂಗ್, ಅಂದರೆ ಎಲ್ಲ ಷರತ್ತು ಬರೆದ ಪ್ರತಿ, ಕೇಳಿ. ಎರಡೂ ಕೊಟ್ಟರೆ ಓದಿ. 'ಹೊರಡುವ ಹಿಂದಿನ ದಿನ ಕೊಡ್ತೀವಿ' ಎಂದರೆ ಇಲ್ಲ ಎಂದೇ ತಿಳಿದುಕೊಂಡು ಬೇರೆ ತೆಗೆದುಕೊಳ್ಳಿ.

ಉಳಿದ ನಾಲ್ಕನ್ನು ಬೆಲೆ ಇಟ್ಟುಕೊಂಡು ಹೋಲಿಸಬೇಡಿ. ಹೋಲಿಕೆಯ ವೆಬ್‌ಸೈಟುಗಳು ಪ್ರೀಮಿಯಂ ಮತ್ತು ಕವರ್ ಮೊತ್ತ ಎರಡನ್ನೇ ದೊಡ್ಡ ಅಕ್ಷರದಲ್ಲಿ ತೋರಿಸುತ್ತವೆ. ಎರಡೂವರೆ ಲಕ್ಷ ಡಾಲರ್, ಐದು ಲಕ್ಷ ಡಾಲರ್ ಎಂದು ನೋಡಿದರೆ ಕಣ್ಣು ತುಂಬುತ್ತದೆ. ಆದರೆ ಹಡಗಿನ ಪ್ರವಾಸದಲ್ಲಿ ಕೈ ಕೊಡುವುದು ಆ ದೊಡ್ಡ ಸಂಖ್ಯೆ ಅಲ್ಲ. ಹಡಗು ಹಿಡಿಯುವ ತನಕದ ದಾರಿ, ಹಡಗಿನ ಡಾಕ್ಟರ ಬಿಲ್ಲು, ಮತ್ತು ಟಿಕೆಟ್ ರದ್ದು ಮಾಡಿದಾಗ ಮುಳುಗುವ ಹಣ. ಪಾಲಿಸಿಯಲ್ಲಿ ಈ ಮೂರರ ಬಗ್ಗೆ ಏನು ಬರೆದಿದೆ ಎಂದು ನೋಡಿದರೆ ಯಾವುದು ಬೇಕು ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಮನೆಯಿಂದ ಹಡಗಿನ ತನಕ

ಹಡಗು ಹೊರಡುವ ಸಮಯ 5 ಗಂಟೆ ಎಂದರೆ ನಾವು 5ಕ್ಕೆ ತಲುಪಿದರೆ ಸಾಕು ಎಂದಲ್ಲ. ಸಾಮಾನ್ಯವಾಗಿ ಒಂದು, ಒಂದೂವರೆ ಗಂಟೆ ಮೊದಲೇ ಚೆಕ್-ಇನ್ ಮುಗಿದಿರುತ್ತದೆ. ವಿಮಾನ ತಪ್ಪಿದರೆ ಮುಂದಿನ ವಿಮಾನ ಇರುತ್ತದೆ. ಹಡಗು ತಪ್ಪಿದರೆ ಮುಂದಿನ ಬಂದರಿಗೆ ನಾವೇ ಓಡಬೇಕು, ನಮ್ಮದೇ ಖರ್ಚಿನಲ್ಲಿ. ಆ ಬಂದರು ಇರುವ ದೇಶದ ವೀಸಾ ಕೈಯಲ್ಲಿರಬೇಕು. ಮಧ್ಯದಲ್ಲಿ ಹತ್ತಲು ಕ್ರೂಸ್ ಕಂಪನಿ ಒಪ್ಪಬೇಕು. ಮೂರು ರಾತ್ರಿಯ ಚಿಕ್ಕ ಕ್ರೂಸ್ ಆದರೆ ಹಿಡಿಯುವಷ್ಟರಲ್ಲಿ ಅದು ವಾಪಸ್ ಬಂದಿರುತ್ತದೆ. ಕ್ರೂಸ್ ಟಿಕೆಟ್ಟಿನ ಹಣ ಪೂರ್ತಿ ಹೋದ ಹಾಗೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ವಿಮಾನ ರದ್ದಾದರೆ ವಿಮಾನದ ಹಣ ವಾಪಸ್ ಬರುತ್ತದೆ. ಕ್ರೂಸ್ ಹಣ ಬರುವುದಿಲ್ಲ, ಏಕೆಂದರೆ ಹಡಗು ಸರಿಯಾದ ಸಮಯಕ್ಕೇ ಹೊರಟಿದೆ, ಬರದವರು ನಾವು. ವಿಮಾನ ಕಂಪನಿಗೆ ನಿಮ್ಮ ಹಡಗಿನ ಚಿಂತೆ ಇಲ್ಲ, ಹಡಗಿಗೆ ನಿಮ್ಮ ವಿಮಾನದ ಚಿಂತೆ ಇಲ್ಲ. 2025ರ ಡಿಸೆಂಬರ್ ಮೊದಲ ವಾರದಲ್ಲಿ ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣವೂ ಸೇರಿ ದೇಶದ ತುಂಬ ನೂರಾರು ವಿಮಾನ ರದ್ದಾದದ್ದು ನೆನಪಿದೆ ಅಲ್ವಾ? ಮದುವೆಗೆ, ಪರೀಕ್ಷೆಗೆ ಹೋಗಬೇಕಾದವರು ಸೂಟ್‌ಕೇಸ್ ರಾಶಿಯ ಮಧ್ಯೆ ಕೂತಿದ್ದರು. ಅವತ್ತು ಸಂಜೆ ಯಾವುದೋ ಬಂದರಿನಲ್ಲಿ ಹಡಗು ಹತ್ತಬೇಕಾದವನ ಗತಿ ಏನು, ಯೋಚಿಸಿ.

ಮಾಮೂಲಿ ಟ್ರಾವೆಲ್ ಪಾಲಿಸಿಯಲ್ಲಿ ಇದಕ್ಕೆ ಸಿಗುವುದು 'ಟ್ರಿಪ್ ಡಿಲೇ'. ವಿಮಾನ ಇಂತಿಷ್ಟು ಗಂಟೆ, ಸಾಮಾನ್ಯವಾಗಿ 6 ಅಥವಾ 12 ಗಂಟೆ, ತಡವಾದರೆ ಒಂದು ಸಣ್ಣ ಮೊತ್ತ ಕೊಡುತ್ತಾರೆ. ಊಟ, ತಿಂಡಿ, ಒಂದು ರಾತ್ರಿಯ ಹೋಟೆಲ್‌ಗೆ ಸಾಕು. ಲಕ್ಷ ರೂಪಾಯಿಯ ಕ್ರೂಸ್ ತಪ್ಪಿದ್ದಕ್ಕೆ ಇದು ಏನೂ ಅಲ್ಲ. ಅಲ್ಲದೆ ಹಡಗು ತಪ್ಪಲು 6 ಗಂಟೆ ತಡವಾಗಬೇಕಿಲ್ಲ, ಮೂರು ಗಂಟೆ ಸಾಕು.

ಕ್ರೂಸ್ ಆ್ಯಡ್-ಆನ್ ಇರುವ ಪಾಲಿಸಿಯ ಬೆಲೆ ಗೊತ್ತಾಗುವುದು ಇಲ್ಲಿಯೇ. 'ಮಿಸ್ಡ್ ಡಿಪಾರ್ಚರ್' ಅಥವಾ 'ಕ್ರೂಸ್ ಇಂಟರಪ್ಶನ್' ಎಂಬ ಹೆಸರಿನಲ್ಲಿ, ಮುಂದಿನ ಬಂದರಿಗೆ ಹೋಗಿ ಹಡಗು ಹತ್ತುವ ಖರ್ಚನ್ನು ಒಂದು ಮಿತಿಯ ತನಕ ಕೊಡುವ ಸಾಲು ಅದರಲ್ಲಿ ಇರಬೇಕು. ಆ ಸಾಲು ಇಲ್ಲದಿದ್ದರೆ ಹೆಸರಿನಲ್ಲಿ ಕ್ರೂಸ್ ಇದ್ದು ಪ್ರಯೋಜನವಿಲ್ಲ. ಇದ್ದರೂ ಕಾರಣಗಳ ಪಟ್ಟಿ ನೋಡಿ. ಹವಾಮಾನ, ವಿಮಾನದ ತಾಂತ್ರಿಕ ತೊಂದರೆ, ಇವು ಇರುತ್ತವೆ. ಟ್ರಾಫಿಕ್ ಇರುವುದಿಲ್ಲ. ಸಿಲ್ಕ್ ಬೋರ್ಡಿನಲ್ಲಿ ಒಂದು ಗಂಟೆ, ಹೆಬ್ಬಾಳದಲ್ಲಿ ಮುಕ್ಕಾಲು ಗಂಟೆ ನಿಂತು ವಿಮಾನ ತಪ್ಪಿಸಿಕೊಂಡರೆ ಅದು ನಿಮ್ಮ ತಪ್ಪು ಎಂದೇ ಲೆಕ್ಕ. ನಮ್ಮ ಊರಿನವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇಲ್ಲ, ಆದರೆ ಏನು ಮಾಡುವುದು. ಕೆಲವು ಪಾಲಿಸಿಗಳು ವಿಮಾನ ಇಳಿಯುವುದಕ್ಕೂ ಹಡಗು ಹೊರಡುವುದಕ್ಕೂ ನಡುವೆ ಇಷ್ಟು ಗಂಟೆ ಅಂತರ ಇಟ್ಟು ಬುಕ್ ಮಾಡಿರಲೇಬೇಕು ಎನ್ನುತ್ತವೆ. ನನ್ನ ಹಾಗೆ ಅದೇ ದಿನದ ವಿಮಾನ ಹಿಡಿಯುವ ಜಾಣರು ಇದನ್ನು ಮೊದಲು ಓದಬೇಕು.

ಕ್ರೂಸ್ ಕಂಪನಿಯ ಸ್ವಂತ ಪ್ಲಾನ್ ಇಲ್ಲಿ ಎಲ್ಲಿ ನಿಲ್ಲುತ್ತದೆ? ವಿಮಾನವನ್ನೂ ಅವರ ಮೂಲಕವೇ ಬುಕ್ ಮಾಡಿದ್ದರೆ ಅವರು ಒಂದಷ್ಟು ಹೊಣೆ ಹೊರುತ್ತಾರೆ. ನೀವು ಬೇರೆ ಕಡೆ ಅಗ್ಗಕ್ಕೆ ವಿಮಾನದ ಟಿಕೆಟ್ ಕೊಂಡಿದ್ದರೆ ಆ ಪ್ಲಾನ್ ಸಾಮಾನ್ಯವಾಗಿ ನೋಡುವುದು ಹಡಗಿನ ಹಣವನ್ನು ಮಾತ್ರ. ನಾವೆಲ್ಲ ಬೇರೆ ಕಡೆಯೇ ಕೊಳ್ಳುವವರು.

ಚೆನ್ನೈಗೆ ರೈಲಿನಲ್ಲಿ ಹೋಗುವವರಿಗೆ ಒಂದು ಮಾತು. ಐಆರ್‌ಸಿಟಿಸಿಯಲ್ಲಿ 45 ಪೈಸೆಗೆ ಸಿಗುವ ಇನ್ಶೂರೆನ್ಸ್ ಟಿಕ್ ಮಾಡಿದ್ದೇನೆ ಎಂದು ನೆಮ್ಮದಿಯಾಗಿ ಇರಬೇಡಿ. ಅದು ರೈಲು ಅಪಘಾತಕ್ಕೆ ಇರುವುದು, ಸಾವು ಅಥವಾ ಪೂರ್ತಿ ಅಂಗವಿಕಲತೆಗೆ 10 ಲಕ್ಷದ ತನಕ. ರೈಲು ತಡವಾಗಿ ಹಡಗು ತಪ್ಪಿದರೆ ಅದಕ್ಕೆ ಸಂಬಂಧವಿಲ್ಲ. ಟ್ರಾವೆಲ್ ಪಾಲಿಸಿಯಲ್ಲಿ 'ಕಾಮನ್ ಕ್ಯಾರಿಯರ್' ಎಂಬ ಪದದ ಅರ್ಥ ಹುಡುಕಿ. ಅದರಲ್ಲಿ ರೈಲು, ಬಸ್ಸು ಇದೆಯೋ, ವಿಮಾನ ಮಾತ್ರವೋ ಎಂದು ಬರೆದಿರುತ್ತದೆ.

ಚೆನ್ನೈ ಎಂದ ಮೇಲೆ ಚಂಡಮಾರುತದ ವಿಷಯವನ್ನೂ ಹೇಳಬೇಕು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಬಂದಾಗ ಚೆನ್ನೈ ವಿಮಾನ ನಿಲ್ದಾಣದ ರನ್‌ವೇ ಮೇಲೇ ನೀರು ನಿಂತಿತ್ತು. ಅಲ್ಲಿಗೆ ಇಳಿಯಬೇಕಾದ ವಿಮಾನಗಳು ಬೆಂಗಳೂರಿಗೆ ಬಂದವು. 2024ರ ನವೆಂಬರ್ ಕೊನೆಗೆ ಫೆಂಗಲ್ ಬಂದಾಗ ಮತ್ತೆ ಅದೇ ಕಥೆ. ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಬಂಗಾಳ ಕೊಲ್ಲಿಯ ಕಡೆ ಹೋಗುವವರು ಪಾಲಿಸಿಯನ್ನು ತುಂಬ ಮೊದಲೇ ಕೊಳ್ಳಬೇಕು. ಚಂಡಮಾರುತಕ್ಕೆ ಹೆಸರಿಟ್ಟು ಟೀವಿಯಲ್ಲಿ ತೋರಿಸಿದ ಮೇಲೆ ಕೊಂಡರೆ, ಅದು ಮೊದಲೇ ಗೊತ್ತಿದ್ದ ಅಪಾಯ ಎಂದು ಕ್ಲೇಮ್ ತಳ್ಳಿಹಾಕುತ್ತಾರೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

ಹಡಗಿನ ಡಾಕ್ಟರು

ಎರಡನೇ ರಾತ್ರಿ ಅಮ್ಮನಿಗೆ ವಾಂತಿ ಶುರುವಾಯಿತು. ಬಫೆಯಲ್ಲಿ ಮೊಸರನ್ನ ಸಿಕ್ಕ ಖುಷಿಗೆ ಜಾಸ್ತಿ ತಿಂದರೋ, ಅಲೆಯ ತೂಗಾಟವೋ ಗೊತ್ತಿಲ್ಲ. ಕೆಳಗಿನ ಡೆಕ್ಕಿನಲ್ಲಿ ಮೆಡಿಕಲ್ ಸೆಂಟರ್. ಡಾಕ್ಟರು, ನರ್ಸು ಇಬ್ಬರೂ ಒಳ್ಳೆಯವರು. ಒಂದು ಇಂಜೆಕ್ಷನ್, ಒಂದು ಡ್ರಿಪ್, ಎರಡು ಗಂಟೆ ಮಲಗಿಸಿ ಕಳಿಸಿದರು. ಬಿಲ್ಲು 240 ಅಮೆರಿಕನ್ ಡಾಲರ್. ನೇರವಾಗಿ ನಮ್ಮ ಕ್ಯಾಬಿನ್ ಖಾತೆಗೆ ಹಾಕಿದರು. ಇಳಿಯುವ ದಿನ ಕಾರ್ಡಿನಿಂದ ಕಟ್ಟಿದೆವು. 'ಕ್ಯಾಶ್‌ಲೆಸ್' ಎಂದು ಪಾಲಿಸಿಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಹಡಗಿನಲ್ಲಿ ಅದು ಸಾಮಾನ್ಯವಾಗಿ ನಡೆಯುವುದಿಲ್ಲ. ಮೊದಲು ಕಟ್ಟಬೇಕು, ಊರಿಗೆ ಬಂದು ಕ್ಲೇಮ್ ಮಾಡಬೇಕು.

ಕ್ಲೇಮ್ ಮಾಡಿದೆ. ಆರು ವಾರ, ಹದಿನಾಲ್ಕು ಇಮೇಲ್. 140 ಡಾಲರ್ ಬಂತು. ಉಳಿದ 100 ಡಾಲರ್ ಡಿಡಕ್ಟಿಬಲ್, ಅಂದರೆ ನಮ್ಮ ಜೇಬಿನ ಪಾಲು. ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು. ತಪ್ಪು ಕಂಪನಿಯದಲ್ಲ, ಪಾಲಿಸಿಯಲ್ಲಿ ಅದು ಬರೆದೇ ಇತ್ತು. ನಾನು ಆರಿಸುವಾಗ ಎರಡು ಪಾಲಿಸಿಗಳ ನಡುವೆ ಇದ್ದ ವ್ಯತ್ಯಾಸ ಕೆಲವೇ ನೂರು ರೂಪಾಯಿ. ಅಗ್ಗದ್ದನ್ನು ಆರಿಸಿದ್ದೆ. ಹಡಗಿನಲ್ಲಿ ಬರುವ ಕಾಯಿಲೆಗಳು ಬಹುಪಾಲು ಇಂಥವೇ. ವಾಂತಿ, ಭೇದಿ, ಜಾರಿ ಬಿದ್ದು ಕಾಲು ಉಳುಕುವುದು. ಬಿಲ್ಲು ಸಾಮಾನ್ಯವಾಗಿ ಕೆಲವು ನೂರು ಡಾಲರ್. ಹಾಗಾಗಿ ಕ್ರೂಸ್‌ಗೆ ಪಾಲಿಸಿ ಹೋಲಿಸುವಾಗ ಡಿಡಕ್ಟಿಬಲ್ ಸಾಲನ್ನು ಮೊದಲು ನೋಡಿ, ಒಟ್ಟು ಕವರನ್ನು ಆಮೇಲೆ.

ಮನೆಯ ಮೆಡಿಕ್ಲೇಮ್ ಸಾಕಲ್ವಾ ಎಂದು ಕೇಳುವವರು ತುಂಬ ಜನ. ವಿದೇಶಕ್ಕೆ ಹೋದರೆ ಬಹುತೇಕ ಮೆಡಿಕ್ಲೇಮ್‌ಗಳು ಕೆಲಸ ಮಾಡುವುದಿಲ್ಲ, ಅದು ಗೊತ್ತೇ ಇದೆ. ಆದರೆ ಮುಂಬೈನಿಂದ ಗೋವಾ, ಲಕ್ಷದ್ವೀಪಕ್ಕೆ ಹೋಗುವ ಹಡಗಿನಲ್ಲಿ? ದೇಶ ಬಿಟ್ಟಿಲ್ಲವಲ್ಲ. ಇಲ್ಲೇ ಒಂದು ಗಂಟು ಇದೆ. ನಮ್ಮ ಆರೋಗ್ಯ ವಿಮೆಯಲ್ಲಿ 'ಆಸ್ಪತ್ರೆ' ಎಂದರೆ ಏನು ಎಂದು ಇನ್ಶೂರೆನ್ಸ್ ಕಂಪನಿಗಳ ಮೇಲೆ ನಿಗಾ ಇಡುವ ಐಆರ್‌ಡಿಎಐ ನಿಯಮವೇ ಹೇಳುತ್ತದೆ. ಹತ್ತು ಲಕ್ಷಕ್ಕಿಂತ ಕಡಿಮೆ ಜನ ಇರುವ ಊರಿನಲ್ಲಿ ಕನಿಷ್ಠ 10 ಹಾಸಿಗೆ, ಉಳಿದ ಕಡೆ 15. ಜೊತೆಗೆ ಆಪರೇಷನ್ ಥಿಯೇಟರ್, ಇಪ್ಪತ್ನಾಲ್ಕು ಗಂಟೆಯೂ ಡಾಕ್ಟರು, ನರ್ಸು. ಸಾಮಾನ್ಯವಾಗಿ 24 ಗಂಟೆ ಅಡ್ಮಿಟ್ ಆಗಿರಬೇಕು. ಹಡಗಿನ ಮೆಡಿಕಲ್ ಸೆಂಟರ್ ಈ ಲೆಕ್ಕಕ್ಕೆ ಸೇರುವುದು ಕಷ್ಟ. ಎರಡು ಗಂಟೆಯ ಡ್ರಿಪ್ ಅಂತೂ ಸೇರುವುದೇ ಇಲ್ಲ. ಹಡಗಿನಿಂದ ಇಳಿಸಿ ಕೊಚ್ಚಿಯ ಆಸ್ಪತ್ರೆಗೆ ಸೇರಿಸಿದರೆ ಮೆಡಿಕ್ಲೇಮ್ ಬರುತ್ತದೆ. ಆದರೆ ನಡು ಸಮುದ್ರದಿಂದ ದಡಕ್ಕೆ ತರುವ ಖರ್ಚು?

ನಿಜವಾಗಿ ದೊಡ್ಡ ಮೊತ್ತ ಬೇಕಾಗುವುದು ಇದಕ್ಕೆ. ಹೃದಯದ ತೊಂದರೆ, ಪಾರ್ಶ್ವವಾಯು, ಸೊಂಟದ ಮೂಳೆ ಮುರಿತ, ಇವನ್ನು ಹಡಗಿನಲ್ಲಿ ಇಟ್ಟುಕೊಂಡು ನೋಡಲು ಆಗುವುದಿಲ್ಲ. ಹೆಲಿಕಾಪ್ಟರ್‌ನಲ್ಲೋ ಬೋಟಿನಲ್ಲೋ ಇಳಿಸುತ್ತಾರೆ, ಅಥವಾ ಹತ್ತಿರದ ಬಂದರಿನಲ್ಲಿ ಬಿಟ್ಟು ಹೊರಡುತ್ತಾರೆ. ಅಲ್ಲಿಂದ ಸ್ಟ್ರೆಚರ್ ಸಮೇತ ವಿಮಾನದಲ್ಲಿ ಬೆಂಗಳೂರಿಗೆ ತರಬೇಕು. ಲಕ್ಷಗಟ್ಟಲೆ ರೂಪಾಯಿಯ ಮಾತು. ಪಾಲಿಸಿಯಲ್ಲಿ 'ಮೆಡಿಕಲ್ ಎವಾಕ್ಯುಯೇಶನ್' (ಆಸ್ಪತ್ರೆಗೆ ಸಾಗಿಸುವುದು) ಮತ್ತು 'ರಿಪ್ಯಾಟ್ರಿಯೇಶನ್' (ಊರಿಗೆ ವಾಪಸ್ ತರುವುದು) ಎರಡೂ ಇರಬೇಕು. ಎವಾಕ್ಯುಯೇಶನ್ ಮೊತ್ತ ಒಟ್ಟು ಕವರಿನ ಒಳಗೋ, ಬೇರೆ ಚಿಕ್ಕ ಮಿತಿಯೋ ಎಂದು ನೋಡಿ. ಕ್ರೂಸ್ ಕಂಪನಿಗಳ ಪ್ಲಾನ್‌ಗಳಲ್ಲಿ ಈ ಮಿತಿ ಸಾಮಾನ್ಯವಾಗಿ ಚಿಕ್ಕದು. ನಾನು ಅವನ್ನು ಆರೋಗ್ಯದ ವಿಷಯಕ್ಕೆ ನಂಬುವುದಿಲ್ಲ ಎನ್ನಲು ಇದೇ ಕಾರಣ. ಇನ್ನೊಂದು ಷರತ್ತು ಎಲ್ಲ ಕಡೆಯೂ ಇರುತ್ತದೆ. ಸಾಗಿಸುವ ಮೊದಲು ಇನ್ಶೂರೆನ್ಸ್‌ನವರ ಸಹಾಯವಾಣಿಗೆ ಫೋನ್ ಮಾಡಿ ಒಪ್ಪಿಗೆ ಪಡೆಯಬೇಕು. ನಡು ಸಮುದ್ರದಲ್ಲಿ ಫೋನ್ ಹಡಗಿನ ದುಬಾರಿ ನೆಟ್‌ವರ್ಕ್ ಹಿಡಿಯುತ್ತದೆ. ಆ ನಂಬರನ್ನೂ ಇಮೇಲನ್ನೂ ಕಾಗದದಲ್ಲಿ ಬರೆದು ಇಟ್ಟುಕೊಳ್ಳಿ, ಒಂದು ಪ್ರತಿ ಬೆಂಗಳೂರಿನಲ್ಲಿ ಇರುವ ಯಾರಿಗಾದರೂ ಕೊಡಿ.

ಅಪ್ಪ, ಅಮ್ಮ, ಬೀಪಿ, ಶುಗರ್

ನಮ್ಮಲ್ಲಿ ಕ್ರೂಸ್‌ಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದು ಜಾಸ್ತಿ. ದಿನಾ ಸೂಟ್‌ಕೇಸ್ ಬಿಚ್ಚಿ ಕಟ್ಟುವ ಗೋಳಿಲ್ಲ, ಮಲಗಿದಲ್ಲೇ ಊರು ಬದಲಾಗುತ್ತದೆ. ಆದರೆ ಅರವತ್ತು ದಾಟಿದವರಿಗೆ ಪಾಲಿಸಿಯ ಗುಣವೇ ಬದಲಾಗುತ್ತದೆ. ಅನೇಕ ಪಾಲಿಸಿಗಳಲ್ಲಿ ಆ ವಯಸ್ಸಿನ ಮೇಲೆ ಸಬ್-ಲಿಮಿಟ್ ಇರುತ್ತದೆ. ಮೇಲೆ ಒಂದು ಲಕ್ಷ ಡಾಲರ್ ಎಂದಿದ್ದರೂ ಒಳಗೆ ರೂಮಿಗೆ ದಿನಕ್ಕೆ ಇಷ್ಟೇ, ಸರ್ಜನ್‌ಗೆ ಇಷ್ಟೇ ಎಂದು ಕಟ್ಟಿಹಾಕಿರುತ್ತಾರೆ. ಸಬ್-ಲಿಮಿಟ್ ಇಲ್ಲದ 50,000 ಡಾಲರ್ ಪಾಲಿಸಿ, ಸಬ್-ಲಿಮಿಟ್ ಇರುವ 1 ಲಕ್ಷದ ಪಾಲಿಸಿಗಿಂತ ಎಷ್ಟೋ ಸಲ ಮೇಲು.

ಬೀಪಿ, ಶುಗರ್ ಇದ್ದರೆ ಮುಚ್ಚಿಡಬೇಡಿ. ಪಾಲಿಸಿ ಶುರುವಾಗುವ ಹಿಂದಿನ 36 ತಿಂಗಳಲ್ಲಿ ಪತ್ತೆಯಾದ, ಚಿಕಿತ್ಸೆ ಪಡೆದ ಕಾಯಿಲೆ ಎಂದರೆ ಅದು ಮೊದಲೇ ಇದ್ದ ಕಾಯಿಲೆ ಎಂದು ಐಆರ್‌ಡಿಎಐ ವ್ಯಾಖ್ಯೆ. ಮಾಮೂಲಿ ಪಾಲಿಸಿಗಳು ಇಂಥ ಕಾಯಿಲೆಯಿಂದ ಬಂದ ಖರ್ಚನ್ನು ಕೊಡುವುದಿಲ್ಲ. ಕೆಲವು ಜೀವಕ್ಕೆ ಅಪಾಯ ಇರುವಾಗ ಮಾತ್ರ, ಒಂದು ಮಿತಿಯಲ್ಲಿ ಕೊಡುತ್ತವೆ. ಈ 'ಜೀವಕ್ಕೆ ಅಪಾಯ' ಎಂಬ ಸಾಲು ಇರುವುದನ್ನೇ ಅಪ್ಪ ಅಮ್ಮನಿಗೆ ಆರಿಸಿ, ಪ್ರೀಮಿಯಂ ಜಾಸ್ತಿಯಾದರೂ ಸರಿ. ನಾನು ಈಗ ಅವರಿಬ್ಬರಿಗೆ ಬೇರೆ ಪಾಲಿಸಿ, ನಮ್ಮಿಬ್ಬರಿಗೆ ಬೇರೆ ಪಾಲಿಸಿ ತೆಗೆದುಕೊಳ್ಳುತ್ತೇನೆ. ಫ್ಯಾಮಿಲಿ ಪ್ಲಾನ್ ನೋಡಲು ಅಗ್ಗ. ಆದರೆ ನಾಲ್ಕು ಜನರಿಗೂ ಒಂದೇ ಅಳತೆಯ ಚಪ್ಪಲಿ ಕೊಂಡ ಹಾಗೆ.

ಬಸುರಿ ಹೆಂಗಸರಿದ್ದರೆ ಇನ್ಶೂರೆನ್ಸ್‌ಗಿಂತ ಮೊದಲು ಹಡಗಿನ ನಿಯಮ ನೋಡಿ. ಪ್ರವಾಸ ಮುಗಿಯುವಷ್ಟರಲ್ಲಿ 24ನೇ ವಾರಕ್ಕೆ ಕಾಲಿಡುವವರನ್ನು ದೊಡ್ಡ ಕ್ರೂಸ್ ಕಂಪನಿಗಳು ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ.

ರದ್ದು ಮಾಡಿದರೆ

ಕ್ರೂಸ್ ಟಿಕೆಟ್ ರದ್ದು ಮಾಡುವುದು ಮೆಟ್ಟಿಲು ಇಳಿದ ಹಾಗೆ. ಪ್ರಯಾಣಕ್ಕೆ ಮೂರು ತಿಂಗಳು ಇರುವಾಗ ಮುಂಗಡ ಮಾತ್ರ ಹೋಗುತ್ತದೆ. ದಿನ ಹತ್ತಿರ ಬಂದಂತೆ ಕಾಲು ಭಾಗ, ಅರ್ಧ, ಮುಕ್ಕಾಲು. ಕೊನೆಯ ಎರಡು ಮೂರು ವಾರಗಳಲ್ಲಿ ಸಾಮಾನ್ಯವಾಗಿ ಪೂರ್ತಿ. ಇನ್ಶೂರೆನ್ಸ್‌ನ ಕ್ಯಾನ್ಸಲೇಶನ್ ಕವರ್ ಶುರುವಾಗುವುದು ಪಾಲಿಸಿ ಕೊಂಡ ದಿನದಿಂದ. ನಾವು ಪಾಲಿಸಿ ಕೊಳ್ಳುವುದು ಯಾವಾಗ? ಬ್ಯಾಗ್ ತುಂಬುವಾಗ. ಆ ಮೂರು ತಿಂಗಳು ಅಪ್ಪನಿಗೆ ಆಪರೇಷನ್ ಬಂದರೂ, ನಮಗೇ ಡೆಂಗಿ ಬಂದರೂ ಕೈಯಲ್ಲಿ ಏನೂ ಇಲ್ಲ. ಕ್ರೂಸ್ ಬುಕ್ ಮಾಡಿದ ವಾರದಲ್ಲೇ ಪಾಲಿಸಿ ಕೊಂಡರೂ ಬೆಲೆ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ, ಏಕೆಂದರೆ ಪ್ರೀಮಿಯಂ ಲೆಕ್ಕ ಪ್ರಯಾಣದ ದಿನಗಳ ಮೇಲೆ.

ಇಲ್ಲಿ ಕ್ರೂಸ್ ಕಂಪನಿಯ ಪ್ಲಾನ್‌ಗೆ ಒಂದು ಅಂಕ ಕೊಡಲೇಬೇಕು. ನಮ್ಮ ಪಾಲಿಸಿಗಳು ಸಾವು, ಆಸ್ಪತ್ರೆ ಸೇರುವಂಥ ಕಾಯಿಲೆ ಹೀಗೆ ಪಟ್ಟಿಯಲ್ಲಿರುವ ಕಾರಣಕ್ಕೆ ಮಾತ್ರ ಹಣ ಕೊಡುತ್ತವೆ. ಕ್ಯಾನ್ಸಲೇಶನ್ ಮಿತಿಯೂ ಚಿಕ್ಕದು. ನಾಲ್ಕು ಜನರ ಬಾಲ್ಕನಿ ಕ್ಯಾಬಿನ್ ಬೆಲೆಗೆ ಸಾಲುವುದಿಲ್ಲ. ಕ್ರೂಸ್ ಕಂಪನಿಯ ಕೆಲವು ಪ್ಲಾನ್‌ಗಳಲ್ಲಿ ಯಾವ ಕಾರಣಕ್ಕೆ ರದ್ದು ಮಾಡಿದರೂ ಒಂದು ದೊಡ್ಡ ಪಾಲು ವಾಪಸ್ ಕೊಡುತ್ತಾರೆ. ಹಣವಾಗಿ ಅಲ್ಲ, ಮುಂದಿನ ಕ್ರೂಸ್‌ಗೆ ಕ್ರೆಡಿಟ್ ಆಗಿ, ಅದಕ್ಕೂ ಅವಧಿ ಇಟ್ಟು. ಬಾಸ್ ರಜೆ ಕೊಡುವುದು ಖಾತ್ರಿ ಇಲ್ಲದ ಐಟಿ ಮಂದಿಗೆ ಇದು ಉಪಯೋಗ. ಆದರೆ ಈ ಪ್ಲಾನ್‌ಗಳಲ್ಲಿ ಹಲವು ಅಮೆರಿಕದಂಥ ಕೆಲವು ದೇಶಗಳಲ್ಲಿ ವಾಸಿಸುವವರಿಗೆ ಮಾತ್ರ. ಭಾರತದ ವಿಳಾಸ ಹಾಕಿದರೆ ಆ ಆಯ್ಕೆ ತೋರಿಸುವುದೇ ಇಲ್ಲ. ವೀಸಾ ಸಿಗದೆ ರದ್ದು ಮಾಡಬೇಕಾಗಿ ಬಂದರೂ ಮಾಮೂಲಿ ಪಾಲಿಸಿ ಕೈ ಎತ್ತುತ್ತದೆ. ಅದಕ್ಕೆ ಬೇರೆ ಆ್ಯಡ್-ಆನ್ ಇದ್ದರೆ ಮಾತ್ರ ಉಂಟು.

ಬಂದರು ತಪ್ಪಿಸಿದರೆ, ಕ್ಯಾಬಿನ್‌ನಲ್ಲಿ ಕೂಡಿಹಾಕಿದರೆ

ಸಮುದ್ರ ಜೋರಾಗಿದ್ದರೆ ಕ್ಯಾಪ್ಟನ್ ಒಂದು ಬಂದರನ್ನು ಬಿಟ್ಟು ಮುಂದೆ ಹೋಗಬಹುದು. ಟಿಕೆಟ್ಟಿನ ಒಪ್ಪಂದದಲ್ಲಿ ಆ ಹಕ್ಕು ಅವರಿಗೆ ಇದೆ. ಬಂದರಿನ ತೆರಿಗೆ ವಾಪಸ್ ಬರಬಹುದು, ಅಷ್ಟೇ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಎಷ್ಟೋ ಕ್ರೂಸ್‌ಗಳ ದಾರಿಯೇ ಬದಲಾಯಿತು. ಯುದ್ಧದಿಂದ ಆದ ನಷ್ಟ ಸಾಮಾನ್ಯವಾಗಿ ಪಾಲಿಸಿಯ ಹೊರಗೆ. ಕ್ರೂಸ್ ಆ್ಯಡ್-ಆನ್‌ಗಳಲ್ಲಿ ತಪ್ಪಿದ ಬಂದರಿಗೆ, ಮೊದಲೇ ಹಣ ಕಟ್ಟಿದ ಟೂರ್‌ಗೆ ಒಂದಷ್ಟು ಕೊಡುವ ಸಾಲು ಇರುತ್ತದೆ. ಇದ್ದರೆ ಒಳ್ಳೆಯದು. ಅದಕ್ಕೆಂದೇ ಜಾಸ್ತಿ ಹಣ ಕೊಡಲು ನಾನು ಹೋಗುವುದಿಲ್ಲ.

ಹೊಟ್ಟೆಯ ಸೋಂಕು ಹರಡಿದರೆ ಕ್ಯಾಬಿನ್ ಬಿಟ್ಟು ಹೊರಗೆ ಬರಬೇಡಿ ಎನ್ನುತ್ತಾರೆ. ನೊರೊವೈರಸ್ ಹಡಗುಗಳಲ್ಲಿ ಹಳೆಯ ಅತಿಥಿ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗಿನ 3,711 ಜನರನ್ನು ಕೊರೊನಾ ಕಾರಣಕ್ಕೆ ದಿನಗಟ್ಟಲೆ ಇಳಿಯಲು ಬಿಡದೆ ಇಟ್ಟಿದ್ದು ಎಲ್ಲರಿಗೂ ನೆನಪಿರಬೇಕು. ಕ್ಯಾಬಿನ್ ಕನ್‌ಫೈನ್‌ಮೆಂಟ್ ಎಂಬ ಕವರ್ ಇದ್ದರೆ ದಿನಕ್ಕೆ ಇಷ್ಟು ಎಂದು ಕೊಡುತ್ತಾರೆ. ಹಡಗಿನ ಡಾಕ್ಟರ ಪತ್ರ ಬೇಕು.

ಫುಕೆಟ್‌ನಲ್ಲಿ ಇಳಿದಾಗ ನೋಡಿದ ಒಂದು ವಿಷಯ ಹೇಳಿಬಿಡುತ್ತೇನೆ. ಥಾಯ್ಲೆಂಡಿನ ಸಮಯ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ನಮ್ಮ ಹಡಗು ಸಿಂಗಪುರದ ಸಮಯದಲ್ಲೇ ಇತ್ತು. ದಡಕ್ಕೆ ಇಳಿದ ಕೂಡಲೇ ಫೋನು ತಾನೇ ಥಾಯ್ ಸಮಯಕ್ಕೆ ಬದಲಾಯಿತು. ಫೋನು ನಾಲ್ಕು ಎಂದರೆ ಹಡಗು ಐದು ಎನ್ನುತ್ತಿತ್ತು. ಆ ಸಂಜೆ ಒಂದು ಕುಟುಂಬ ಕೈ ತುಂಬ ಚೀಲ ಹಿಡಿದು ಓಡಿ ಬಂದದ್ದನ್ನು ಮೇಲಿನ ಡೆಕ್ಕಿನಿಂದ ಎಲ್ಲರೂ ನೋಡಿದರು. ಹಡಗಿನವರೇ ನಡೆಸುವ ಟೂರ್‌ನಲ್ಲಿ ಹೋಗಿ ತಡವಾದರೆ ಹೊಣೆ ಅವರದು. ನಾವೇ ಟ್ಯಾಕ್ಸಿ ಮಾಡಿಕೊಂಡು ಸುತ್ತಿ ತಡ ಮಾಡಿದರೆ ಯಾವ ಪಾಲಿಸಿಯೂ ಕೇಳುವುದಿಲ್ಲ.

ಹೋಗುವ ದಿಕ್ಕು ನೋಡಿ ಆರಿಸಿ

ಮುಂಬೈ, ಗೋವಾ, ಲಕ್ಷದ್ವೀಪ, ಕೊಚ್ಚಿ ಎಂದರೆ ಎವಾಕ್ಯುಯೇಶನ್ ಸೇರಿರುವ ಡೊಮೆಸ್ಟಿಕ್ ಟ್ರಾವೆಲ್ ಪಾಲಿಸಿ ಮತ್ತು ಮನೆಯ ಮೆಡಿಕ್ಲೇಮ್ ಜೊತೆಯಾಗಿ ಸಾಕು. ಓವರ್‌ಸೀಸ್ ಪಾಲಿಸಿ ಕೊಂಡರೆ ದಂಡ, ಅದು ದೇಶದೊಳಗಿನ ಪ್ರವಾಸಕ್ಕೆ ಇರುವುದಲ್ಲ. ಆದರೆ ಅದೇ ಭಾರತದ ಹಡಗು ಚೆನ್ನೈನಿಂದ ಶ್ರೀಲಂಕಾಕ್ಕೆ ಹೊರಟರೆ ಆಟ ಬದಲಾಯಿತು. ನಮ್ಮ ದೇಶದ ಕ್ರೂಸ್ ಕಂಪನಿ ಕಾರ್ಡೇಲಿಯಾದ ಹಡಗು 2023ರ ಜೂನ್‌ನಲ್ಲಿ ಹಂಬನ್‌ತೋಟ, ತ್ರಿಂಕೋಮಲೆ, ಕಾಂಕೇಸಂತುರೈ ಕಡೆ ಯಾನ ಶುರು ಮಾಡಿತು. ಪಾಸ್‌ಪೋರ್ಟ್ ಬೇಕಾಗುವ ಪ್ರವಾಸ ಅದು. ಹತ್ತುವುದು ಚೆನ್ನೈನಲ್ಲಿ ಎಂದುಕೊಂಡು ಡೊಮೆಸ್ಟಿಕ್ ಪಾಲಿಸಿ ಕೊಂಡವರು ನನಗೇ ಇಬ್ಬರು ಗೊತ್ತು.

ಸಿಂಗಪುರಕ್ಕೆ ನನ್ನ ಆಯ್ಕೆ ಕ್ರೂಸ್ ಆ್ಯಡ್-ಆನ್ ಇರುವ ಏಷ್ಯಾ ಪಾಲಿಸಿ, 50,000 ಡಾಲರ್‌ನಿಂದ ಒಂದು ಲಕ್ಷದ ತನಕ, ಡಿಡಕ್ಟಿಬಲ್ ಸೊನ್ನೆ ಅಥವಾ ತೀರಾ ಕಡಿಮೆ. ಪೆನಾಂಗ್, ಫುಕೆಟ್ ಹೀಗೆ ಹಡಗು ನಿಲ್ಲುವ ಎಲ್ಲ ದೇಶಗಳೂ ಪಾಲಿಸಿಯ ಪಟ್ಟಿಯಲ್ಲಿ ಇರಬೇಕು. ಕೆಲವು ಏಷ್ಯಾ ಪ್ಲಾನ್‌ಗಳು ಜಪಾನನ್ನು ಬಿಟ್ಟಿರುತ್ತವೆ.

ಯುರೋಪಿಗೆ ಹೋಗುವವರು ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಬೇಕಾದ 30,000 ಯೂರೋ ಕವರ್ ಇರುವ ಪಾಲಿಸಿ ಕೊಳ್ಳುತ್ತಾರೆ. ವೀಸಾ ಬಂದ ಮೇಲೆ ಅದನ್ನು ಮರೆತುಬಿಡುತ್ತಾರೆ. ತೊಂದರೆ ಎಲ್ಲಿ ಎಂದರೆ, ಹಡಗು ಷೆಂಗೆನ್ ಗಡಿ ನೋಡಿಕೊಂಡು ಹೋಗುವುದಿಲ್ಲ. ಅಥೆನ್ಸ್‌ನಿಂದ ಹೊರಟು ಟರ್ಕಿಯ ಕುಶಾದಸಿಯಲ್ಲಿ ನಿಲ್ಲುತ್ತದೆ. ಕ್ರೊಯೇಷಿಯಾ 2023ರ ಜನವರಿಯಲ್ಲಿ ಷೆಂಗೆನ್ ಸೇರಿದೆ, ಪಕ್ಕದ ಮೊಂಟೆನೆಗ್ರೊದ ಕೊಟೊರ್ ಸೇರಿಲ್ಲ. ಷೆಂಗೆನ್ ದೇಶಗಳಿಗೆ ಮಾತ್ರ ಎಂದಿರುವ ಅಗ್ಗದ ಪಾಲಿಸಿ ಕುಶಾದಸಿಯ ಮೆಟ್ಟಿಲ ಮೇಲೆ ಬಿದ್ದ ಕಾಲಿಗೆ ಏನೂ ಕೊಡುವುದಿಲ್ಲ. ವೀಸಾ ಕೂಡ ಮಲ್ಟಿಪಲ್ ಎಂಟ್ರಿ ಇರಬೇಕು. ಇಲ್ಲದಿದ್ದರೆ ಹೊರಗೆ ಹೋದವರು ಮತ್ತೆ ಒಳಗೆ ಬರಲು ಆಗುವುದಿಲ್ಲ. 'ಅಮೆರಿಕ, ಕೆನಡಾ ಬಿಟ್ಟು ಇಡೀ ಪ್ರಪಂಚ' ಎಂಬ ಪ್ಲಾನ್ ಇದಕ್ಕೆ ಸರಿ.

ಇನ್ನು ಮಕ್ಕಳ ಮನೆಗೆ ಅಮೆರಿಕಕ್ಕೆ ಹೋದ ತಂದೆ ತಾಯಂದಿರು. ಜಯನಗರ, ಮಲ್ಲೇಶ್ವರದಲ್ಲಿ ಮನೆಗೊಬ್ಬರು ಸಿಗುತ್ತಾರೆ. ಮಗ ಅಲ್ಲಿಯೇ ವಿಸಿಟರ್ ಇನ್ಶೂರೆನ್ಸ್ ಕೊಂಡಿರುತ್ತಾನೆ, ಮಧ್ಯದಲ್ಲಿ ಮಯಾಮಿಯಿಂದ ಬಹಾಮಾಸ್‌ಗೋ, ಸಿಯಾಟಲ್‌ನಿಂದ ಅಲಾಸ್ಕಾಕ್ಕೋ ಕ್ರೂಸ್ ಬುಕ್ ಮಾಡುತ್ತಾನೆ. ವಿಸಿಟರ್ ಇನ್ಶೂರೆನ್ಸ್ ಅಮೆರಿಕದ ನೆಲಕ್ಕೆಂದು ಮಾಡಿದ್ದು. ಪಕ್ಕದ ದೇಶಕ್ಕೆ ಹೋದರೆ ಕೆಲವು ಪ್ಲಾನ್‌ಗಳು ಕೆಲವು ದಿನಗಳ ಮಟ್ಟಿಗೆ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಹಡಗಿನಲ್ಲಿ ಹೇಗೆ ಎಂದು ಮಗನಿಂದ ಇಮೇಲ್ ಬರೆಸಿ ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ. ಇಲ್ಲಿಂದ ಪಾಲಿಸಿ ಕೊಳ್ಳುವುದಾದರೆ ಅಮೆರಿಕ, ಕೆನಡಾ ಎರಡೂ ಸೇರಿದ್ದನ್ನೇ ಕೊಳ್ಳಿ, ಎರಡೂವರೆ ಲಕ್ಷ ಡಾಲರ್‌ಗೆ ಕಡಿಮೆ ಬೇಡ. ಅಲ್ಲಿಯ ಆಸ್ಪತ್ರೆ ಬಿಲ್ಲಿನ ಮುಂದೆ ಹಡಗಿನ ಬಿಲ್ಲು ದರ್ಶಿನಿಯ ಬಿಲ್ಲು.

ಕಾಗದ ಪತ್ರ

ಹಡಗಿನಿಂದ ಇಳಿಯುವ ಮೊದಲೇ ಡಾಕ್ಟರ ರಿಪೋರ್ಟ್, ಐಟಂ ಪ್ರಕಾರ ಬಿಲ್ಲು, ಹಣ ಕಟ್ಟಿದ ರಸೀದಿ ಮೂರನ್ನೂ ಪಡೆಯಿರಿ. ಇಳಿದ ಮೇಲೆ ಆ ಕಂಪನಿಯ ಯಾವ ದೇಶದ ಆಫೀಸಿಗೆ ಬರೆಯುತ್ತೀರಿ? ವಿಮಾನ ತಡವಾದರೆ ತಡವಾದ ಗಂಟೆ, ಕಾರಣ ಬರೆದ ಪತ್ರವನ್ನು ವಿಮಾನ ಕಂಪನಿಯಿಂದ ಕೇಳಿ. ಬೋರ್ಡಿಂಗ್ ಪಾಸ್ ಎಸೆಯಬೇಡಿ. ನನ್ನ ಹದಿನಾಲ್ಕು ಇಮೇಲ್‌ಗಳಲ್ಲಿ ಐದು ಬರೀ ಬೋರ್ಡಿಂಗ್ ಪಾಸ್‌ಗೆ.

ಕ್ಲೇಮ್ ತಿರಸ್ಕಾರವಾದರೆ ಮೊದಲು ಇನ್ಶೂರೆನ್ಸ್ ಕಂಪನಿಗೇ ಬರವಣಿಗೆಯಲ್ಲಿ ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಇಂಥ ದೂರು ಕೇಳಿ ತೀರ್ಮಾನ ಹೇಳುವ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು, ಒಂದು ವರ್ಷದೊಳಗೆ. ನಮ್ಮ ಕರ್ನಾಟಕದ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಕಚೇರಿ ಇರುವುದು ಜೆ.ಪಿ. ನಗರ 1ನೇ ಹಂತದ ಜೀವನ್ ಸೌಧ ಕಟ್ಟಡದಲ್ಲಿ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. 50 ಲಕ್ಷ ರೂಪಾಯಿ ತನಕದ ದೂರು ಕೇಳುತ್ತಾರೆ. ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು, 155255ಕ್ಕೆ ಫೋನ್ ಕೂಡ ಮಾಡಬಹುದು.

ಮುಂದಿನ ಸಲಕ್ಕೆ ಚೆನ್ನೈ ಹಡಗು ನೋಡುತ್ತಿದ್ದೇವೆ. ಹಿಂದಿನ ದಿನ ಬೆಳಿಗ್ಗೆಯ ರೈಲಿಗೆ ಹೋಗಿ ಮೈಲಾಪುರದಲ್ಲಿ ಒಂದು ರಾತ್ರಿ ಉಳಿಯುವುದು ಎಂದು ತೀರ್ಮಾನವಾಗಿದೆ. ಕಪಾಲೀಶ್ವರನ ದರ್ಶನವೂ ಆಗುತ್ತದೆ ಎಂದು ಅಮ್ಮ ಖುಷಿಯಾಗಿದ್ದಾರೆ. ಆ ರಾತ್ರಿಯ ಹೋಟೆಲ್ ಬಾಡಿಗೆಯನ್ನು ನಾನು ಈಗ ಇನ್ಶೂರೆನ್ಸ್ ಖರ್ಚಿನ ಕಾಲಂನಲ್ಲೇ ಬರೆದುಕೊಂಡಿದ್ದೇನೆ.